ಗಾಲ್ಫ್ ಬೆಟ್ಟಿಂಗ್: ‘ಈಚ್ ವೇ’ ಅಂದರೆ ಏನು?

ಲೀಡ್ಸ್ ಹುಡುಗ: ಇಲ್ಲಿ ಇಂಗ್ಲೆಂಡಿನಲ್ಲಿ ಆಫೀಸಿನವರೆಲ್ಲ ಬ್ರಿಟಿಷ್ ಓಪನ್ ಮೇಲೆ ಐದು ಪೌಂಡ್ ‘ಈಚ್ ವೇ’ ಕಟ್ಟುತ್ತಾರೆ. ಹಾಗಂದರೆ ಏನು? ಗೆಲ್ಲುವುದು ಒಬ್ಬನೇ ಅಲ್ವಾ?

ಗಾಲ್ಫ್ ಪ್ರೇಮಿ: ಅವು ಎರಡು ಬೆಟ್. 5 ಪೌಂಡ್ ಗೆಲುವಿಗೆ, 5 ಪೌಂಡ್ ಮೇಲಿನ ಸ್ಥಾನಕ್ಕೆ, ಒಟ್ಟು 10 ಹೋಗುತ್ತದೆ. 50/1 ದರ (ಒಂದು ಪೌಂಡಿಗೆ 50 ಪೌಂಡ್ ಲಾಭ) ಇರುವ ಆಟಗಾರ ಗೆಲ್ಲದೆ ಮೊದಲ ಐದರೊಳಗೆ ಬಂದು, ಸ್ಥಾನದ ಬೆಟ್‌ಗೆ ಆ ದರದ ಐದನೇ ಒಂದು ಭಾಗ ಅಂತ ಇದ್ದರೆ, 10/1 ಲೆಕ್ಕದಲ್ಲಿ ಅಸಲು ಸೇರಿ 55 ಸಿಗುತ್ತದೆ. 156 ಜನ ಆಡುವ ಕಡೆ ಫೇವರಿಟ್ ಕೂಡ ಸೋಲುವುದೇ ಜಾಸ್ತಿ, ಅದಕ್ಕೇ ಸ್ಥಾನಕ್ಕೂ ಕಟ್ಟುತ್ತಾರೆ.

ಮಂಡ್ಯದವನು: ಸ್ಕೋರ್ ಸಮ ಆದರೆ ಹುಷಾರು! ಐದನೇ ಸ್ಥಾನಕ್ಕೆ ನಿಮ್ಮ ಆಟಗಾರನೂ ಸೇರಿ ನಾಲ್ವರು ನಿಂತರೆ ನಿಮ್ಮ 5 ಪೌಂಡನ್ನು ನಾಲ್ಕು ಪಾಲು ಮಾಡಿ ಒಂದಕ್ಕೆ ಮಾತ್ರ ಕೊಡುತ್ತಾರೆ. 55ರ ಬದಲು 13.75.

ಲೀಡ್ಸ್ ಹುಡುಗ: ಅಬ್ಬಾ, ಇದನ್ನು ಯಾರೂ ಹೇಳಿರಲಿಲ್ಲ. ಊರಿಗೆ ಬಂದಾಗಲೂ ಆಡಬಹುದಾ?

ಗಾಲ್ಫ್ ಪ್ರೇಮಿ: ಬೇಡ. 2025ರ ಕಾಯ್ದೆ ಪ್ರಕಾರ ಭಾರತದಲ್ಲಿ ದುಡ್ಡು ಕಟ್ಟುವ ಆನ್‌ಲೈನ್ ಆಟಕ್ಕೆ ನಿಷೇಧ ಇದೆ.