ಪದಚರ್ಚೆ: ‘ನಾಲಿಗೆ ತೂಕ’ ಬೇಡ, ‘ಮೂಕಿಭಾರ’ ಅನ್ನಬಹುದಾ?

ಬಳಗದ ಎಲ್ಲರಿಗೂ ಶಿರಸಿಯಿಂದ ನಮಸ್ಕಾರ.

ಟ್ರೇಲರಿನ ಮುಂದಿನ ಕೋಲು ಅದನ್ನು ಎಳೆಯುವ ಗಾಡಿಯ ಮೇಲೆ ಒತ್ತುವ ಭಾರಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ವಾರದಿಂದ ತಲೆಬಿಸಿ ಮಾಡಿಕೊಂಡಿದ್ದೇನೆ. ಅಕ್ಕನ ಮಗ ಅಮೆರಿಕದ ಕೊಲೊರಾಡೋದಲ್ಲಿದ್ದಾನೆ. ಪಿಕಪ್ಪಿನ ಬೆನ್ನ ಮೇಲೆ ಕೂರಿಸುವ ಕ್ಯಾಂಪರ್ ಕೊಳ್ಳಬೇಕು, ಅದರ ಹಿಂದೆ ದೋಣಿಯ ಟ್ರೇಲರ್ ಕಟ್ಟಿಕೊಂಡು ಊರೂರು ತಿರುಗಬೇಕು ಅಂತ ಹೊರಟಿದ್ದಾನೆ. ಅಕ್ಕನಿಗೆ ಗಾಬರಿ. ‘ಮಾಣಿ ಎಂತ ಮಾಡ್ತಾ ಇದ್ದಾನೆ ಅಂತ ಸ್ವಲ್ಪ ಕನ್ನಡದಲ್ಲಿ ಬರೆದುಕೊಡು ಮಾರಾಯ’ ಅಂದರು ಭಾವ. ಅವನು ಕಳಿಸಿದ ಲೆಕ್ಕದ ಹಾಳೆ ಎದುರಿಗಿಟ್ಟುಕೊಂಡು ಬರೆಯಲು ಕೂತೆ. ಎರಡನೇ ಸಾಲಿಗೇ ಪೆನ್ನು ನಿಂತಿತು.

ಮೊದಲು ಕಾಲಿಗೆ ತೊಡರಿದ್ದು ‘ಕ್ಯಾಂಪರ್’. ನಮ್ಮ ಕಡೆ ಕ್ಯಾಂಪರ್ ಅಂದರೆ ಬೊಲೆರೊ ಕ್ಯಾಂಪರ್. ಮುಂದೆ ಎರಡು ಸಾಲು ಸೀಟು, ಹಿಂದೆ ತೆರೆದ ತೊಟ್ಟಿ. ಆಳುಗಳು ಕೂರಲಿಕ್ಕೂ ಆಯಿತು, ಗೊಬ್ಬರ ಹೇರಲಿಕ್ಕೂ ಆಯಿತು. ಭಾವನೂ ಹಾಗೇ ತಿಳಿದು, ‘ಒಳ್ಳೆ ಗಾಡಿ, ತಗೊಳ್ಳಲಿ ಬಿಡು’ ಅಂದುಬಿಟ್ಟಿದ್ದರು! ಅಮೆರಿಕದ್ದು ಗಾಡಿಯೇ ಅಲ್ಲ. ಹಾಸಿಗೆ, ಒಲೆ, ನೀರಿನ ಟ್ಯಾಂಕು ಇರುವ ಪುಟ್ಟ ಕೋಣೆ. ಪಿಕಪ್ಪಿನ ತೊಟ್ಟಿಯೊಳಗೆ ಕೂರುತ್ತದೆ. ಬೇಡವಾದಾಗ ನಾಲ್ಕು ಮೂಲೆಯ ಜಾಕುಗಳ ಮೇಲೆ ಅದನ್ನು ಎತ್ತಿ ನಿಲ್ಲಿಸಿ, ಕೆಳಗಿನಿಂದ ಗಾಡಿಯನ್ನು ಮುಂದಕ್ಕೆ ತೆಗೆದರೆ ಮುಗಿಯಿತು. ನನಗೆ ತಟ್ಟನೆ ಹೊಳೆದದ್ದು ‘ಅಂಬಾರಿ’. ಆನೆ ಬೇರೆ, ಅಂಬಾರಿ ಬೇರೆ, ಅಲ್ವಾ? ಮೈಸೂರು ದಸರಾದ ಚಿನ್ನದ ಅಂಬಾರಿ ಸುಮಾರು 750 ಕೆಜಿ. ಅದನ್ನು ಹೊರಿಸುವ ಮೊದಲು ಆನೆಗೆ ಮರಳಿನ ಮೂಟೆ ಹೊರಿಸಿ ತಾಲೀಮು ಮಾಡಿಸುತ್ತಾರೆ. ಆದರೆ ನಮ್ಮ ಸಾರಿಗೆ ಬಸ್ಸಿಗೂ ಅಂಬಾರಿ ಅನ್ನುವ ಹೆಸರಿದೆ, ಭಾವ ಇನ್ನೊಂದು ದಾರಿ ಹಿಡಿದಾರು ಅಂತ ಕೈಬಿಟ್ಟೆ. ಸದ್ಯಕ್ಕೆ ‘ಕ್ಯಾಂಪರ್ ಕೋಣೆ’ ಅಂತ ಬರೆದಿದ್ದೇನೆ. ಚಂದ ಇಲ್ಲ, ಆದರೆ ತಪ್ಪು ತಿಳಿಯುವಂತಿಲ್ಲ.

ನಿಜವಾದ ಕಗ್ಗಂಟು ತೂಕದ್ದು. ಗಾಡಿಗೆ ಎರಡು ತಾಕತ್ತು. ಒಂದು ಹೊರುವುದು, ಇನ್ನೊಂದು ಎಳೆಯುವುದು. ಕನ್ನಡದ ವಾಹನ ಬರಹಗಳಲ್ಲಿ ಎರಡಕ್ಕೂ ‘ಭಾರ ಸಾಮರ್ಥ್ಯ’ ಅಂತ ಸುಮ್ನೆ ತೇಲಿಸಿಬಿಡುತ್ತಾರೆ. ನನಗೆ ಇದು ಸೇರುವುದಿಲ್ಲ. ಬೆಟ್ಟದಿಂದ ಸೊಪ್ಪಿನ ಹೊರೆ ತಂದವರಿಗೆ ಗೊತ್ತು: ತಲೆ ಮೇಲಿನ ಹೊರೆ ಬೇರೆ, ಹಗ್ಗ ಕಟ್ಟಿ ಎಳೆದು ತರುವ ದಿಮ್ಮಿ ಬೇರೆ. ಮೊದಲನೆಯದಕ್ಕೆ ‘ಹೊರೆಮಿತಿ’, ಎರಡನೆಯದಕ್ಕೆ ‘ಎಳೆಮಿತಿ’ ಅಂತ ಇಟ್ಟುಕೊಂಡೆ. ನಮ್ಮ 1988ರ ಮೋಟಾರು ವಾಹನ ಕಾಯ್ದೆ ಕೂಡ ಟ್ರೇಲರ್ ಬೇರೆ, ಸೆಮಿ ಟ್ರೇಲರ್ ಬೇರೆ ಅನ್ನುತ್ತದೆ. ತನ್ನ ಒಂದು ಭಾಗವನ್ನು ಮುಂದಿನ ಗಾಡಿಯ ಮೇಲೆ ಹೇರಿ, ತೂಕದ ಒಂದು ಪಾಲನ್ನು ಅದಕ್ಕೇ ಹೊರಿಸುವಂಥದ್ದು ಸೆಮಿ ಟ್ರೇಲರ್.

ಹುಡುಗನ ಲೆಕ್ಕ ನೋಡಿ. ಅವನ ಪಿಕಪ್ಪಿನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಹಳದಿ ಚೀಟಿಯ ಪ್ರಕಾರ ಹೊರೆಮಿತಿ 1,360 ಕೆಜಿ. ಕೂತವರ ತೂಕವೂ ಅದರೊಳಗೇ. ಕ್ಯಾಂಪರಿನ ಒಣತೂಕ 900. ಒಣತೂಕ, ಹಸಿತೂಕ ಅಂತ ಅಡಿಕೆ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾರುವವರು ತೋರಿಸುವುದು ಒಣತೂಕ, ಗಾಡಿ ಹೊರುವುದು ಹಸಿತೂಕ. 110 ಲೀಟರ್ ನೀರು ತುಂಬಿದರೆ 110 ಕೆಜಿ. ಸಿಲಿಂಡರು, ಬ್ಯಾಟರಿ, ಹಾಸಿಗೆ, ಪಾತ್ರೆ ಸೇರಿ 90. ಗಂಡ ಹೆಂಡತಿ 140. ಅಲ್ಲಿಗೆ 1,240 ಆಯಿತು. ಉಳಿದದ್ದು 120.

‘ದೋಣಿ ಹೇಗೂ ಹಿಂದೆ ಚಕ್ರದ ಮೇಲೆ ಬರುತ್ತದೆ, ಗಾಡಿ 5 ಟನ್ ಎಳೆಯುತ್ತದೆ, 1 ಟನ್ ಏನು ಮಹಾ’ ಅಂತ ಅವನ ವಾದ. ಎಡವಟ್ಟು ಆಗುವುದೇ ಇಲ್ಲಿ. ಟ್ರೇಲರಿನ ಮುಂದಿನ ಕೋಲು ಗಾಡಿಯ ಕೊಂಡಿಯ ಮೇಲೆ ಕೂತು ಕೆಳಕ್ಕೆ ಒತ್ತುತ್ತದೆ. ಆ ಒತ್ತು ಟ್ರೇಲರ್ ತೂಕದ ನೂರಕ್ಕೆ 10ರಿಂದ 15 ಪಾಲು ಇರಬೇಕು. 1,000 ಕೆಜಿ ದೋಣಿ-ಟ್ರೇಲರಿಗೆ 100ರಿಂದ 150 ಕೆಜಿ. ಎಳೆಯುವ ತೂಕದ ಈ ಪಾಲು ಹೊರೆಯ ಲೆಕ್ಕಕ್ಕೆ ಬಂದು ಸೇರುತ್ತದೆ. ಉಳಿದಿದ್ದ 120 ಅಲ್ಲಿಗೆ ಖಲಾಸ್.

ಈ ಒತ್ತಿಗೆ ಇಂಗ್ಲಿಷಿನಲ್ಲಿ ನಾಲಿಗೆಯ ಹೆಸರು, ‘ಟಂಗ್ ವೇಟ್’. ನಾನೂ ಮೊದಲು ‘ನಾಲಿಗೆ ತೂಕ’ ಅಂತಲೇ ಬರೆದೆ. ಓದಿದ ಅಕ್ಕ, ‘ಇದು ಮಾತಾಡೋರಿಗೆ ಹೇಳಿದ್ದಾ?’ ಅಂದಳು.

ಉತ್ತರ ಸಿಕ್ಕಿದ್ದು ಬನವಾಸಿ ಕಡೆಯ ಅಜ್ಜನೊಬ್ಬನಿಂದ. ಹಿಂದೆ ಎತ್ತಿನಗಾಡಿಯಲ್ಲಿ ಭತ್ತ ಹೇರಿಕೊಂಡು ಶಿರಸಿ ಪೇಟೆಗೆ ಬರುತ್ತಿದ್ದವನು. ಚಿತ್ರ ತೋರಿಸಿದೆ. ಕನ್ನಡಕ ಏರಿಸಿ ಒಂದು ಗಳಿಗೆ ನೋಡಿದ. ‘ಇದು ಮೂಕಿ ಅಲ್ಲೇನೋ ತಮ್ಮಾ? ಹಿಂದ ಜಾಸ್ತಿ ಹೇರಿದ್ರ ಮೂಕಿ ಮ್ಯಾಲೆ ಏಳತೈತಿ, ಎತ್ತಿನ ಕೊಳ್ಳಾಗಿನ ಹಗ್ಗ ಬಿಗೀತೈತಿ. ಮುಂದ ಜಾಸ್ತಿ ಆದ್ರ ಎತ್ತು ಮಂಡಿ ಊರತೈತಿ’ ಅಂದ. ಬೆರಳನ್ನು ಚಿತ್ರದ ಕೊಂಡಿಯ ಮೇಲೇ ಇಟ್ಟಿದ್ದ. ಮೂಕಿ ಅಂದರೆ ಎತ್ತಿನಗಾಡಿಯಿಂದ ಮುಂದಕ್ಕೆ ಚಾಚಿ ನೊಗಕ್ಕೆ ಸೇರುವ ಉದ್ದ ಕೋಲು.

ಟ್ರೇಲರಿನಲ್ಲೂ ನಡೆಯುವುದು ಅದೇ. ಭಾರ ಹಿಂದಕ್ಕೆ ಜಾರಿ ಮೂಕಿ ಹಗುರಾದರೆ ಟ್ರೇಲರ್ ಎಡಕ್ಕೆ ಬಲಕ್ಕೆ ಹೊಯ್ದಾಡುತ್ತದೆ. ಇದಕ್ಕೆ ಒಬ್ಬ ಗೆಳೆಯರು ‘ತೊನೆತ’ ಸೂಚಿಸಿದರು. ತೊನೆಯುವುದು ಭತ್ತದ ತೆನೆ, ಕೇಳಲು ಹಿತವಾಗಿದೆ. ಇಳಿಜಾರಿನಲ್ಲಿ ಸ್ಟೇರಿಂಗ್ ಹಿಡಿದವನಿಗೆ ಹಿತವಾಗಿರುವುದಿಲ್ಲ. ಕುಡಿದವನ ‘ತೂರಾಟ’ವೇ ಸರಿ ಅಂತ ನನ್ನ ಅಭಿಪ್ರಾಯ. ಮೂಕಿ ಜಾಸ್ತಿ ಒತ್ತಿದರೆ ಗಾಡಿಯ ಹಿಂಬದಿ ಕುಸಿದು ಮುಂದಿನ ಚಕ್ರದ ಹಿಡಿತ ಸಡಿಲ. ಕ್ಯಾಂಪರ್ ಕೋಣೆ ತೊಟ್ಟಿಗಿಂತ ಹಿಂದಕ್ಕೆ ಚಾಚಿಕೊಂಡಿದ್ದರೆ ಕೊಂಡಿಯನ್ನೂ ಉದ್ದ ಮಾಡಬೇಕಾಗುತ್ತದೆ. ಕೊಂಡಿ ಉದ್ದವಾದಷ್ಟೂ ಅದು ತಡೆಯುವ ತೂಕ ಕಡಿಮೆ. ಉದ್ದ ಹಿಡಿಯ ತುದಿಗೆ ಕೊಡ ನೇತುಹಾಕಿ ಎತ್ತಿ ನೋಡಿ, ಕೈಗೆ ಗೊತ್ತಾಗುತ್ತದೆ.

ಎಳೆಯುವುದಕ್ಕೂ ಎರಡು ಮಾತು. ಘಟ್ಟದಲ್ಲಿ ಕೆಟ್ಟು ನಿಂತ ಲಾರಿಯನ್ನು ಸರಪಳಿ ಹಾಕಿ ಎಳೆದರೆ ಡ್ರೈವರುಗಳು ‘ಟೋಚನ್’ ಅನ್ನುತ್ತಾರೆ. ಬೆಂಗಳೂರಲ್ಲಿ ‘ಟೋಯಿಂಗ್’ ಅಂದರೆ ನಿಲ್ಲಿಸಿದ ಗಾಡಿ ಕಾಣೆಯಾದ ದುಃಖ. ದೋಣಿ ಎಳೆಯುವುದಕ್ಕೆ ಎರಡೂ ಹೊಂದುವುದಿಲ್ಲ. ‘ಕಟ್ಟಿ ಎಳೆಯುವುದು’ ಸಾಕು. ‘ಟ್ರೇಲರ್’ ಹಾಗೇ ಇರಲಿ. ಕಬ್ಬಿನ ಸೀಸನ್ನಿನಲ್ಲಿ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿದ್ದನ್ನು ಹಳಿಯಾಳ ಕಡೆ ನೋಡಿದವರು ಯಾರೂ ಅದನ್ನು ಸಿನಿಮಾ ಅಂದುಕೊಳ್ಳುವುದಿಲ್ಲ.

ಈಗ ನನ್ನ ಪ್ರಶ್ನೆ. ‘ಮೂಕಿಭಾರ’ ಅಂದರೆ ಗಾಡಿ ಮುಂದೆ ಭಾರವಾಗಿದೆ ಅನ್ನುವ ದೂರಿನ ಅರ್ಥ ಕೆಲವರಿಗೆ ಬರಬಹುದು. ಬರೀ ಅಳತೆಯಾಗಿ, ‘ಮೂಕಿಭಾರ 120 ಕೆಜಿ’ ಅಂತ ಬರೆದರೆ ನಿಮ್ಮ ಕಿವಿಗೆ ಒಪ್ಪುತ್ತದಾ? ಇಲ್ಲ ‘ಮೂಕಿ ಒತ್ತು’ ಅನ್ನಲಾ? ಕುಮಟಾ, ಹೊನ್ನಾವರ, ಕಾರವಾರದ ಕಡೆ ಗಾಡಿ ಹೊಡೆದವರ ಮನೆಗಳಲ್ಲಿ ಈ ಕೋಲಿಗೆ ಬೇರೆ ಹೆಸರಿದ್ದರೆ ಅದನ್ನೂ ಬರೆಯಿರಿ. ಭಾನುವಾರದೊಳಗೆ ತಿಳಿಸಿದರೆ ಉಪಕಾರ. ಅವತ್ತು ಭಾವ ಪೇಟೆಗೆ ಬರುತ್ತಾರೆ, ಕಾಗದ ಕೈಗೆ ಕೊಡಬೇಕು.