ಚಳಿಗೆ ವ್ಯಾನ್ ಪೂರ್ತಿ ಮುಚ್ಚಿ ಮಲಗಬಹುದಾ?

ಮಲ್ಪೆ ಓಮ್ನಿ:
ನಮ್ಮ ಹಳೇ ಓಮ್ನಿಯ ಹಿಂದಿನ ಸೀಟು ತೆಗೆಸಿ ಪ್ಲೈವುಡ್ ಮಂಚ ಹಾಕಿಸಿದ್ದೇನೆ. ಜನವರಿಯಲ್ಲಿ ಉಡುಪಿಯಿಂದ ಹೊರಟು ಚಿಕ್ಕಮಗಳೂರು ಕಡೆ ನಾಲ್ಕು ರಾತ್ರಿ ಇರುವ ಯೋಚನೆ. ಇಲ್ಲಿ ನಮಗೆ ಚಳಿ ಅಂದರೆ ಬೆಳಿಗ್ಗೆ ಒಂದು ಶಾಲು, ಅಷ್ಟೇ. ಘಟ್ಟದ ಮೇಲೆ ಹಾಗಲ್ಲ. ಬಾಗಿಲ ಸಂದಿಗೆಲ್ಲ ರಬ್ಬರ್ ಬೀಡಿಂಗ್ ಹಾಕಿಸಿ, ಮಲಗುವ ಮೊದಲು ಹತ್ತು ನಿಮಿಷ ಸಣ್ಣ ಗ್ಯಾಸ್ ಒಲೆ ಹಚ್ಚಿದರೆ ಒಳಗೆ ಬೆಚ್ಚಗಾಗುತ್ತದೆ ಅಂತ ನನ್ನ ಲೆಕ್ಕ. ಹೆಂಡತಿ ಬೇಡ ಅನ್ನುತ್ತಾಳೆ. ಹೀಗೆ ಮಾಡಿದವರು ಯಾರಾದ್ರೂ ಉಂಟಾ?

ಪಡೀಲ್ ಮೆಕ್ಯಾನಿಕ್:
ನಿಮ್ಮ ಮನೆಯವರು ಹೇಳಿದ್ದೇ ಸರಿ ಮಾರಾಯ್ರೆ. ಬೀಡಿಂಗ್ ಮಳೆಗೆ ಒಳ್ಳೆಯದು, ಹಾಕಿಸಿ. ಆದರೆ ಗಾಳಿಯ ದಾರಿ ಮುಚ್ಚಬೇಡಿ. ಮುಚ್ಚಿದ ವ್ಯಾನಿನಲ್ಲಿ ಒಲೆ ಉರಿದರೆ ನೀವು ಉಸಿರಾಡುವ ಆಮ್ಲಜನಕವನ್ನೇ ಅದೂ ತಿನ್ನುತ್ತದೆ. ಅದು ಸಾಲದೆ ಬಂದಾಗ ಗ್ಯಾಸ್ ಅರ್ಧಂಬರ್ಧ ಉರಿದು ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲ ಹುಟ್ಟುತ್ತದೆ. ಇನ್ನೊಂದು, 100 ಗ್ರಾಂ ಗ್ಯಾಸ್ ಉರಿದರೆ ಸುಮಾರು 150 ಮಿಲಿ ನೀರು ಆವಿಯಾಗಿ ಒಳಗೇ ಸೇರುತ್ತದೆ. ಬೆಳಿಗ್ಗೆ ಗಾಜಿನಿಂದ ತೊಟ್ಟಿಕ್ಕಿ ಹಾಸಿಗೆ ಒದ್ದೆ, ಚಳಿ ಇನ್ನೂ ಜಾಸ್ತಿ.

ಘಾಟಿ ಸವಾರ:
ಸುಮ್ನೆ ಹೆದರಿಸಬೇಡಿ. ನಾನು ಎರಡು ಚಳಿಗಾಲ ಹೀಗೇ ಮಲಗಿದ್ದೇನೆ, ಏನೂ ಆಗಿಲ್ಲ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದು ಇಟ್ಟರೆ ಆಯ್ತು. ಗಾಜು ಇಳಿಸಿದರೆ ಬಿಸಿ ಎಲ್ಲ ಹೊರಗೆ ಹೋಗುತ್ತದೆ, ಮತ್ತೆ ಒಲೆ ಹಚ್ಚಿ ಏನು ಪ್ರಯೋಜನ?

ಕಾಪು ಅಕ್ಕ:
ನಮಗೂ ಏನೂ ಆಗಿರಲಿಲ್ಲ, ಆ ಒಂದು ರಾತ್ರಿಯವರೆಗೆ.

ಕೊಟ್ಟಿಗೆಹಾರದ ಹತ್ತಿರ ಪರಿಚಯದವರ ಕಾಫಿ ತೋಟದ ಅಂಗಳದಲ್ಲಿ ವ್ಯಾನ್ ನಿಲ್ಲಿಸಿದ್ದೆವು. ಹೊರಗೆ ಕೋಳಿ ಸುಟ್ಟು ಉಳಿದ ಕೆಂಡವನ್ನು ಕಬ್ಬಿಣದ ಬಾಣಲೆಯಲ್ಲಿ ಹಾಕಿ ಒಳಗೆ ತಂದೆ. ತಂದದ್ದು ನಾನೇ. ಹೊಗೆ ಇರಲಿಲ್ಲ, ವಾಸನೆ ಇರಲಿಲ್ಲ. ಮೇಲೆ ಬಿಳಿ ಬೂದಿ, ಕೆಳಗೆ ಸ್ವಲ್ಪ ಕೆಂಪು. ಹಾಯಾಗಿ ನಿದ್ದೆ ಬಂತು.

ನಡುರಾತ್ರಿ ಮಗ ವಾಂತಿ ಮಾಡಿದ. ಕೋಳಿ ಸರಿ ಬೆಂದಿರಲಿಲ್ಲವೇನೋ ಅಂದುಕೊಂಡೆ. ಏಳಲು ಹೋದರೆ ಮೊಣಕಾಲಲ್ಲಿ ಬಲವೇ ಇಲ್ಲ. ಬಾಗಿಲ ಹಿಡಿ ಕೈಗೆ ಸಿಗುತ್ತದೆ, ಎಳೆಯಲು ಆಗುತ್ತಿಲ್ಲ. ಮೂರನೇ ಸಲಕ್ಕೆ ಬಾಗಿಲು ಸರಿಯಿತು, ನಾನು ಹಾಗೇ ಒದ್ದೆ ಹುಲ್ಲಿನ ಮೇಲೆ ಬಿದ್ದೆ. ನಮ್ಮವರನ್ನು ಎಳೆದು ಹೊರಗೆ ಹಾಕಿದ್ದು ತೋಟದವರು. ಮಗ ಎಚ್ಚರಾಗದಿದ್ದರೆ ಇವತ್ತು ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ಮಣಿಪಾಲ ನರ್ಸ್:
ಅಕ್ಕ, ಓದಿ ಕೈ ನಡುಗಿತು. ತಲೆನೋವು, ವಾಂತಿ, ಕಾಲು ಸೋಲುವುದು, ಎಲ್ಲ ಕಾರ್ಬನ್ ಮಾನಾಕ್ಸೈಡ್ ವಿಷದ್ದೇ ಲಕ್ಷಣ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಹೊರಗೆ ಬಂದ ಮೇಲೂ ಅದರಲ್ಲಿ ಅರ್ಧ ಇಳಿಯಲು ನಾಲ್ಕೈದು ಗಂಟೆ ಬೇಕು. ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರೆ ಒಂದು-ಒಂದೂವರೆ ಗಂಟೆಗೆ ಇಳಿಯುತ್ತದೆ. ಅದಕ್ಕೇ 108ಕ್ಕೆ ಫೋನ್ ಮಾಡಿ, ಬೆಳಗಾಗಲಿ ಅಂತ ಕಾಯಬೇಡಿ.

ಇದನ್ನು ದಯವಿಟ್ಟು ನೆನಪಿಡಿ: ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ರಕ್ತ ಹಿಡಿದದ್ದು ಆಮ್ಲಜನಕವೋ ಈ ಅನಿಲವೋ ಅಂತ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. 98 ತೋರಿಸಿದರೂ ರೋಗಿ ಅಪಾಯದಲ್ಲಿ ಇರಬಹುದು.

ಘಾಟಿ ಸವಾರ:
ಕೆಂಡದ ವಿಷಯ ಒಪ್ಪಿದೆ ಅಕ್ಕ, ಅದು ಬೇಡವೇ ಬೇಡ. ನಾನು ಹೇಳಿದ್ದು ಒಲೆಯ ಬಗ್ಗೆ, ಅದೂ ಅಲಾರಂ ಇರುವಾಗ.

ಪಡೀಲ್ ಮೆಕ್ಯಾನಿಕ್:
ಅಲಾರಂ ಬೇಡ ಅಂತ ನಾನೂ ಹೇಳುವುದಿಲ್ಲ. ಅದು ಗಾಳಿ ಕೆಟ್ಟ ಮೇಲೆ ಕೂಗುತ್ತದೆ, ಗಾಳಿ ತರುವುದಿಲ್ಲ. ಎಲ್ಲಿ ಇಡುತ್ತೀರಿ ಅನ್ನುವುದೂ ಮುಖ್ಯ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ, ಅದರ ಅಲಾರಂ ಕೆಳಗೆ ಇರಬೇಕು. ಕಾರ್ಬನ್ ಮಾನಾಕ್ಸೈಡ್ ಹೆಚ್ಚುಕಮ್ಮಿ ಗಾಳಿಯಷ್ಟೇ ತೂಕ, ಅದರದ್ದು ಮಲಗಿದವರ ತಲೆಯ ಮಟ್ಟದಲ್ಲಿ. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಎಂಜಿನ್ ಚಾಲೂ ಇಟ್ಟು ಮಲಗುವುದೂ ಬೇಡ, ತುಕ್ಕು ಹಿಡಿದ ಸೈಲೆನ್ಸರ್ ಎಷ್ಟೋ ನೋಡಿದ್ದೇನೆ. ನಮ್ಮ ಉಪ್ಪುಗಾಳಿಗೆ ಅದು ಬೇಗ ತೂತು ಬೀಳುತ್ತದೆ.

ಮಲ್ಪೆ ಓಮ್ನಿ:
ಹಾಗಾದರೆ ಚಳಿಗೆ ಎಂತ ಮಾಡುವುದು?

ಕಾಪು ಅಕ್ಕ:
ಅಡುಗೆ ಹೊರಗೆ ಮಾಡಿ. ಬಿಸಿನೀರಿನ ರಬ್ಬರ್ ಚೀಲ ಕಾಲ ಬುಡಕ್ಕೆ ಇಟ್ಟುಕೊಳ್ಳಿ. ಮಂಚದ ಮೇಲೆ ದಪ್ಪ ಕಂಬಳಿ ಹಾಸಿ, ಯಾಕೆಂದರೆ ಚಳಿ ಕೆಳಗಿನಿಂದ ಏರುತ್ತದೆ. ಎದುರುಬದುರು ಎರಡು ಗಾಜು ಎರಡು ಬೆರಳಷ್ಟು ತೆರೆದಿಟ್ಟು ಸೊಳ್ಳೆ ಬಲೆ ಕಟ್ಟಿ. ಸೊಳ್ಳೆ ಬತ್ತಿ ಒಳಗೆ ಹಚ್ಚಬೇಡಿ. ಮೂಗಿಗೆ ತಣ್ಣಗೆ ಗಾಳಿ ತಾಗುತ್ತಾ ಇರಲಿ, ನನಗೀಗ ಅದಿಲ್ಲದೆ ನಿದ್ದೆಯೇ ಬರುವುದಿಲ್ಲ.

ಮಲ್ಪೆ ಓಮ್ನಿ:
ಒಲೆ ಒಳಗೆ ಹಚ್ಚುವುದಿಲ್ಲ, ಖಂಡಿತ. ಅಕ್ಕ ಬರೆದದ್ದನ್ನು ಮನೆಯಲ್ಲಿ ಓದಿ ಹೇಳಿದೆ.

ಘಾಟಿ ಸವಾರ:
ಈಗಷ್ಟೇ ಹೋಗಿ ನನ್ನ ಅಲಾರಂ ಬಿಚ್ಚಿ ನೋಡಿದೆ. ಬಟನ್ ಒತ್ತಿದರೆ ಕೂಗುತ್ತದೆ. ಆದರೆ ಬದಲಿಸಬೇಕಾದ ವರ್ಷ ಹಿಂದೆ ಅಚ್ಚಾಗಿದೆ, 2022. ಇಷ್ಟು ದಿನ ಮಕ್ಕಳನ್ನು ಇದನ್ನೇ ನಂಬಿ ಮಲಗಿಸಿದ್ದೆ.