ಅಪ್‌ಡೇಟ್ ಆದ ಮೇಲೆ ಪರದೆಯಲ್ಲಿ ಹಸಿರು ಗೆರೆ, ಕಂಪನಿ ಕೈ ಎತ್ತಿದೆ. ಏನು ಮಾಡಲಿ?

ಪ್ರಶ್ನೆ
ಅಮ್ಮನಿಗೆ ಅಂತ ಆನ್‌ಲೈನ್‌ನಲ್ಲಿ ತಗೊಂಡ ಫೋನು, ಇನ್ನೂ ಹತ್ತು ತಿಂಗಳಾಗಿಲ್ಲ. ಹೋದ ವಾರ ಸಾಫ್ಟ್‌ವೇರ್ ಅಪ್‌ಡೇಟ್ ಆಯ್ತು, ಮಾರನೇ ದಿನ ಬೆಳಗ್ಗೆ ನೋಡಿದರೆ ಪರದೆಯ ಮೇಲಿಂದ ಕೆಳಗಿನ ತನಕ ಒಂದು ಹಸಿರು ಗೆರೆ. ಸರ್ವಿಸ್ ಸೆಂಟರ್‌ನವರು ಭೂತಗನ್ನಡಿ ಹಿಡಿದು, ಮೂಲೆಯಲ್ಲಿ ಕೂದಲೆಳೆಯಷ್ಟು ಗೀರು ತೋರಿಸಿ, "ಬೀಳಿಸಿದ್ದೀರಿ, ವಾರಂಟಿ ಬರಲ್ಲ, 9 ಸಾವಿರ ಆಗುತ್ತೆ" ಅಂದರು. ಕಾಲ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಅಂತ 40 ನಿಮಿಷ ಕಾಯಿಸಿ ಕಟ್. ಚಾಟ್‌ನಲ್ಲಿ ಮನುಷ್ಯರೇ ಇಲ್ಲ. ಅಮ್ಮ ತಾನೇ ಏನೋ ಮಾಡಿಬಿಟ್ಟೆ ಅಂತ ಕೊರಗುತ್ತಿದ್ದಾರೆ, ನನಗೆ ಅದೇ ಜಾಸ್ತಿ ಬೇಜಾರು.

ಉತ್ತರ 1
ದುಡ್ಡು ಕಟ್ಟಬೇಡಿ. ಮೊದಲು ಜಾಬ್ ಶೀಟ್ (ಸರ್ವಿಸ್ ಸೆಂಟರ್‌ನವರು ಫೋನಿನ ತೊಂದರೆ ಬರೆದು ಕೊಡುವ ಚೀಟಿ) ಕೇಳಿ, ವಾರಂಟಿ ಯಾಕೆ ಕೊಡಲ್ಲ ಅಂತ ಅದರಲ್ಲಿ ಬರೆಸಿಕೊಳ್ಳಿ. ಬಾಯಿ ಮಾತಿಗೆ ಬೆಲೆ ಇಲ್ಲ. ಗೆರೆಯ ಫೋಟೋ, ಬಿಲ್ಲು ಎಲ್ಲಾ ಇಟ್ಟುಕೊಂಡು 1915ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು, ಕನ್ನಡದಲ್ಲೇ ಹೇಳಬಹುದು.

ಉತ್ತರ 2
ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ ಅಲ್ವಾ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ಇರುವ ಊರಿನ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲಿದೆಯೋ ಅಲ್ಲಿಗೆ ಅಲೆಯಬೇಕಿಲ್ಲ. ವಸ್ತುವಿನ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ. ಎರಡು ವರ್ಷದೊಳಗೆ ಹಾಕಬೇಕು ಅಷ್ಟೇ.

ಉತ್ತರ 3
ನಮ್ಮ ಮನೆಯಲ್ಲೂ ಇದೇ ಗೆರೆ ಬಂದಿತ್ತು, ಫೋನು ಒಂದು ಸಲವೂ ಬಿದ್ದಿರಲಿಲ್ಲ. ಅಮ್ಮನಿಗೆ ಮೊದಲು ಇದನ್ನು ಹೇಳಿ.